ಬಾಗಿನ ಕೊಟ್ಟವರ ಸಾಕ್ಷಿ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆ ಕಟ್ಟಿದವರು ರಾಜಾಜಿನಗರದ ನನ್ನ ವಕೀಲಿ ಆಫೀಸಿನಲ್ಲಿ ಒಂದೇ ಒಂದು ಸೋಮವಾರ ಕೂತು ನೋಡಬೇಕಿತ್ತು. ಇಪ್ಪತ್ತೆರಡು ವರ್ಷದಿಂದ ಇಲ್ಲಿಗೆ ಬರುವವರು ಸರಿಯಾಗಿ ಉಂಡೂ ಇಲ್ಲ, ಮಲಗಿಯೂ ಇಲ್ಲ. ಕೇಳಿ ಕೇಳಿ ನನಗೂ ಸಾಕಾಗಿದೆ. ಈಗೀಗ ಅಳುವವರ ಮುಂದೆ ನೀರಿನ ಬಾಟಲಿ ಇಟ್ಟು ಫೈಲು ತಿರುವುತ್ತಾ ಕೂರುತ್ತೇನೆ.

ರಾಗಿಣಿ ಅಳಲಿಲ್ಲ. ಶ್ರೀಶೈಲ ಎಂಬುವನ ಜೊತೆ ಹನ್ನೊಂದು ವರ್ಷ ಸಂಸಾರ ಮಾಡಿದವಳು, ಮದುವೆಯೊಂದು ಆಗಿರಲಿಲ್ಲ. ಬೇರೆ ಜಾತಿಯವನೆಂದು ತವರಿನವರು ಬಾಗಿಲು ಹಾಕಿದ್ದರು. ಮುಂದಿನ ವರ್ಷ ರಿಜಿಸ್ಟರ್ ಮಾಡಿಸೋಣ ಎನ್ನುತ್ತಲೇ ಅವನು ಕಾಲ ತಳ್ಳಿದ್ದ. ಎಂಟು ವರ್ಷ ಅತ್ತಿಗುಪ್ಪೆಯಲ್ಲಿ ಬಾಡಿಗೆಗಿದ್ದು, ಆಮೇಲೆ ಸುಂಕದಕಟ್ಟೆಯಲ್ಲಿ ಅವನ ಹೆಸರಿಗೆ ಫ್ಲ್ಯಾಟ್ ತೆಗೆದುಕೊಂಡಿದ್ದರು. ಈಗ ಅವನಿಗೆ ಊರಿನ ಕಡೆ ಹೆಣ್ಣು ಗೊತ್ತಾಗಿದೆ. ಇವಳು ತನ್ನ ಮನೆಯ ಒಂದು ರೂಮಿನಲ್ಲಿದ್ದ ಪೇಯಿಂಗ್ ಗೆಸ್ಟ್, ಖಾಲಿ ಮಾಡಬೇಕು ಎಂದು ನೋಟಿಸ್ ಕಳಿಸಿದ್ದ. ಓದಿ ನನ್ನ ಮೈ ಉರಿಯಿತು.

"ಗಂಡ ಹೆಂಡ್ತಿ ಥರ ಬಾಳಿದ್ರಿ ಅನ್ನೋಕೆ ಸಾಕ್ಷಿ ಬೇಕು," ಎಂದೆ. "ಇದ್ರೆ ಕೋರ್ಟು ನಿಮ್ಮನ್ನ ಆ ಮನೆಯಿಂದ ಹೊರಗೆ ಹಾಕೋಕೆ ಬಿಡಲ್ಲ. ಇಲ್ದಿದ್ರೆ ಕಷ್ಟ. ಕಂಡೋರು ಯಾರಿದಾರೆ?"

"ಅತ್ತಿಗುಪ್ಪೆ ಓನರು, ಅಕ್ಕಯ್ಯಮ್ಮ. ಪ್ರತಿ ಗೌರಿ ಹಬ್ಬಕ್ಕೂ ನಂಗೆ ಬಾಗಿನ ಕೊಡ್ತಾರೆ. ಮನೆ ಬಿಟ್ಟ ಮೇಲೂ ಕರೆದು ಕೊಡ್ತಾರೆ. ನಿಂಗೆ ತವರಿಲ್ಲ, ನಾನೇ ತವರು ಅಂತಾರೆ."

ಎಷ್ಟೋ ದಿನದ ಮೇಲೆ ನನಗೆ ಖುಷಿಯಾಯಿತು. ಮುತ್ತೈದೆಗಲ್ಲದೆ ಯಾರೂ ಮೊರದ ಬಾಗಿನ ಕೊಡುವುದಿಲ್ಲ. ಹನ್ನೊಂದು ವರ್ಷ ಕೊಟ್ಟಿದ್ದೇನೆ ಎಂದು ಒಬ್ಬ ಹಿರಿಯ ಹೆಂಗಸು ಹೇಳಿದರೆ ಪೇಯಿಂಗ್ ಗೆಸ್ಟ್ ಕಥೆ ಅಲ್ಲಿಗೇ ಮಣ್ಣುಪಾಲು.

"ಆದ್ರೆ ಮದುವೆ ಆಗಿಲ್ಲ ಅಂತ ಅವರಿಗೆ ಗೊತ್ತಿಲ್ಲ ಮೇಡಂ," ಎಂದಳು ರಾಗಿಣಿ. "ಬಾಡಿಗೆ ಮನೆ ಸಿಗ್ಲಿ ಅಂತ ಸುಳ್ಳು ಹೇಳಿದ್ವಿ. ಈ ತಾಳಿ ನಾನೇ ಅಂಗಡೀಲಿ ತಗೊಂಡಿದ್ದು."

ಆಯಾಸದಲ್ಲಿ ನನ್ನ ಬಾಯಿಂದ ಬರಬಾರದ ಮಾತು ಬಂತು. "ಅವರಿಗೆ ಈಗ ಎಲ್ಲಾ ಹೇಳ್ಬೇಕು ಅಂತೇನಿಲ್ಲ. ಕಂಡಿದ್ದಷ್ಟು ಬರೆದು ಸೈನ್ ಹಾಕ್ಸೋಣ."

"ನಾಳೆ ಕೋರ್ಟಲ್ಲಿ ಅವನ ಲಾಯರ್ ಬಾಯಿಂದ ಗೊತ್ತಾಗೋದು ಬೇಡ ಮೇಡಂ. ನಾನೇ ಹೇಳ್ತೀನಿ. ನೀವು ಜೊತೆಗೆ ಬನ್ನಿ, ಸಾಕು."

ನನಗೆ ನಾಚಿಕೆಯಾಯಿತು. ಭಾನುವಾರ ಹೋದೆವು.

ಅಕ್ಕಯ್ಯಮ್ಮನಿಗೆ ಎಪ್ಪತ್ತು ದಾಟಿತ್ತು. ನಡುಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದರು. ರಾಗಿಣಿ ಕೂರದೆ, ನಿಂತೇ ಎಲ್ಲವನ್ನೂ ಹೇಳಿದಳು. ಅಕ್ಕಯ್ಯಮ್ಮ ಸೊಪ್ಪನ್ನು ಪಕ್ಕಕ್ಕೆ ಸರಿಸಿದರು.

"ಹನ್ನೊಂದು ವರ್ಷ," ಎಂದರು. "ಗೌರಮ್ಮನ ಮುಂದೆ ಕೂರಿಸ್ಕೊಂಡು ಮಡ್ಲು ತುಂಬಿದೀನಿ ಕಣೇ. ನನ್ನ ಪೂಜೇನೇ ಸುಳ್ಳು ಮಾಡ್ಬಿಟ್ಯಲ್ಲ."

"ತಪ್ಪಾಯ್ತಮ್ಮ."

ನಾನು ಕಾನೂನು ಹೇಳಲು ಬಾಯಿ ತೆರೆದೆ. "ನೀವು ಸುಮ್ನಿರಿ ಲಾಯರಮ್ಮ," ಎಂದು ಗದರಿದರು. "ಸಾಕ್ಷಿ ತಾನೆ? ಹೇಳ್ತೀನಿ. ಅವನು ಇವಳ ಕೈ ಅನ್ನ ಉಂಡಿದ್ದು, ಜ್ವರ ಬಂದಾಗ ಇವಳು ನಿದ್ದೆಗೆಟ್ಟಿದ್ದು, ಎಲ್ಲಾ ಕಣ್ಣಾರೆ ಕಂಡಿದೀನಿ. ಬೀದಿಗೆ ಹಾಕೋಕೆ ಅವನ್ಯಾವನು?"

ರಾಗಿಣಿ ಕಾಲಿಗೆ ಬೀಳಲು ಬಗ್ಗಿದಾಗ ಕಾಲು ಹಿಂದಕ್ಕೆಳೆದುಕೊಂಡರು. "ಈ ಸಲ ಹಬ್ಬಕ್ಕೆ ಬರ್ಬೇಡ. ಇನ್ಮೇಲೂ ಈ ಬಾಗ್ಲಿಗೆ ಬರ್ಬೇಡ," ಎಂದರು. ಹೇಳಿ, ಬಿಡಿಸಿಟ್ಟ ಸೊಪ್ಪನ್ನೇ ಮತ್ತೆ ಬಿಡಿಸತೊಡಗಿದರು. ರಾಗಿಣಿ ಮೆಟ್ಟಿಲಿಳಿದವಳು ಗೇಟಿನ ಹತ್ತಿರ ಕೂತುಬಿಟ್ಟಳು. ಅವಳನ್ನು ಎಬ್ಬಿಸಿ ಆಟೋ ಹತ್ತಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಮಾರನೇ ದಿನ ನೋಟರಿ ಮುಂದೆ ಅಕ್ಕಯ್ಯಮ್ಮ ಒಬ್ಬರೇ ಬಂದು, ಒಂದೊಂದಕ್ಷರವನ್ನೂ ಓದಿಸಿ ಕೇಳಿಕೊಂಡು ಸೈನ್ ಹಾಕಿದರು. ಕೇಸು ಮುಗಿಯುವ ತನಕ ರಾಗಿಣಿಯನ್ನು ಫ್ಲ್ಯಾಟಿನಿಂದ ಹೊರಹಾಕಕೂಡದೆಂದು ಆದೇಶ ಬಂದಾಗ ಗೌರಿ ಹಬ್ಬ ಕಳೆದು ನಾಲ್ಕು ದಿನವಾಗಿತ್ತು. ಫೋನ್ ಮಾಡಿ ಹೇಳಿದೆ.

"ಒಳ್ಳೇದಾಯ್ತು ಮೇಡಂ," ಎಂದಳು. ದನಿಯಲ್ಲಿ ಜೀವವಿರಲಿಲ್ಲ. "ಅಕ್ಕಯ್ಯಮ್ಮ ಇನ್ನು ಕೋರ್ಟಿಗೆ ಬರೋ ಹಾಗಿಲ್ವಾ?" ಎಂದು ಕೇಳಿದಳು.

"ಬರ್ಬೇಕು. ಆ ಕಡೆ ಲಾಯರ್ ಪ್ರಶ್ನೆ ಕೇಳೋದಿದೆ. ನವೆಂಬರ್ ಹದಿನೆಂಟು." ಅವಳಿಗೆ ನೋವಾಗದಿರಲಿ ಎಂದು, "ಅವತ್ತು ನೀವು ಬರದಿದ್ರೂ ನಡಿಯತ್ತೆ," ಎಂದೂ ಸೇರಿಸಿದೆ.

"ಇಲ್ಲ ಮೇಡಂ, ಬರ್ತೀನಿ. ಅವರನ್ನ ನೋಡ್ಬಹುದಲ್ಲ. ಎಷ್ಟು ಗಂಟೆಗೆ?"

ಇಪ್ಪತ್ತೆರಡು ವರ್ಷದಲ್ಲಿ ಕೋರ್ಟಿನ ತಾರೀಕನ್ನು ಹೀಗೆ ಆಸೆಪಟ್ಟು ಕೇಳಿದವರಿಲ್ಲ. ಹನ್ನೊಂದಕ್ಕೆ ಎಂದೆ.

"ಹತ್ತಕ್ಕೇ ಬಂದಿರ್ತೀನಿ," ಎಂದಳು.