ನೂರ ನಲವತ್ತೆರಡನೇ ಪುಟ

ವಿಶ್ವವಿದ್ಯಾಲಯದ ವಿಭಾಗದಲ್ಲಿ ಆ ಪ್ರಾಧ್ಯಾಪಕರಿಗೆ ‘ಚೆನ್ನಾಗಿದೆ ಮೇಷ್ಟ್ರು’ ಎಂದೇ ಅಡ್ಡಹೆಸರು. ಸಂಶೋಧನೆ ಮಾಡುವ ಮಕ್ಕಳು ಯಾವ ಅಧ್ಯಾಯ ತಂದುಕೊಟ್ಟರೂ ಎರಡು ವಾರ ಮೇಜಿನ ಮೇಲೆ ಧೂಳು ಹಿಡಿಸಿ, ಕೊನೆಗೊಂದು ‘ಚೆನ್ನಾಗಿದೆ’ ಗೀಚಿ ಹಿಂದಿರುಗಿಸುವರು. ಸಮಿತಿ, ಸಭೆ, ಉತ್ತರಪತ್ರಿಕೆಗಳ ರಾಶಿ, ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ ಎಂಬುದು ಅವರ ಸಮಜಾಯಿಷಿ. ಅದರಲ್ಲಿ ಅರ್ಧ ನಿಜವೂ ಹೌದು.

ಅವತ್ತು ಅವರ ವಿದ್ಯಾರ್ಥಿನಿಯ ಪಿಎಚ್.ಡಿ. ಮೌಖಿಕ ಪರೀಕ್ಷೆ. ಐದು ವರ್ಷದ ದುಡಿಮೆ. ಪದವಿ ಕೈಗೆ ಬಂದರೆ ಮುಂದಿನ ತಿಂಗಳೇ ಒಂದು ಕಾಲೇಜಿನಲ್ಲಿ ಕಾಯಂ ಕೆಲಸ ಕಾದಿತ್ತು. ಪರೀಕ್ಷೆಗೆ ಅರ್ಧ ಗಂಟೆ ಮೊದಲು, ಬೇರೆ ವಿಶ್ವವಿದ್ಯಾಲಯದಿಂದ ಬಂದಿದ್ದ ಪರೀಕ್ಷಕರು ಮೇಷ್ಟ್ರ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿ, ಪ್ರಬಂಧದ ನೂರ ನಲವತ್ತೆರಡನೇ ಪುಟ ತೆರೆದಿಟ್ಟರು. ಅಡಿಟಿಪ್ಪಣಿಗಳ ನಡುವೆ ಒಂದು ಸಾಲು: ‘ಸರ್, ಎರಡು ಶಾಲೆಗಳ ಮಕ್ಕಳು ಈ ಕೋಷ್ಟಕದಲ್ಲಿ ಎರಡೆರಡು ಸಲ ಎಣಿಕೆಯಾಗಿದ್ದಾರೆ ಅನ್ನಿಸುತ್ತಿದೆ. ದಯವಿಟ್ಟು ನೋಡಿ ಹೇಳಿ.’

ಕರಡಿನಲ್ಲಿ ಕೇಳಿದ್ದ ಪ್ರಶ್ನೆ. ‘ಚೆನ್ನಾಗಿದೆ’ ಎಂಬ ಉತ್ತರ ಬಂದಮೇಲೆ ಹುಡುಗಿ ಸಂಶಯ ಬಿಟ್ಟಿದ್ದಳು, ಸಾಲು ಅಳಿಸುವುದನ್ನು ಮರೆತಿದ್ದಳು.

“ಲೆಕ್ಕ ತಪ್ಪೇ ಇದೆ,” ಎಂದರು ಪರೀಕ್ಷಕರು. “ನೀವು ನೋಡಿಲ್ಲ ಅಂದ್ರೆ ಹೇಳಿಬಿಡಿ, ಹದಿನೈದು ದಿನದಲ್ಲಿ ತಿದ್ದಿಸಿ ಪಾಸ್ ಮಾಡ್ತೀನಿ. ನೀವು ಹೇಳಿದ್ಮೇಲೂ ಅವಳು ತಿದ್ದಿಲ್ಲ ಅಂದ್ರೆ ಸಮೀಕ್ಷೆ ಹೊಸದಾಗಿ ಮಾಡ್ಲಿ, ಒಂದು ವರ್ಷ.”

ನೋಡಿಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಪ್ರಬಂಧದ ಮೊದಲಲ್ಲೇ ಇದ್ದ ‘ಪೂರ್ತಿ ಓದಿ ದೃಢೀಕರಿಸಿದ್ದೇನೆ’ ಎಂಬ ಪ್ರಮಾಣಪತ್ರದ ಕೆಳಗೆ ಅವರದೇ ಸಹಿ ಇತ್ತು.

“ಹೇಳಿದ್ದೆ,” ಎಂದುಬಿಟ್ಟರು ಮೇಷ್ಟ್ರು. “ಈಗಿನ ಮಕ್ಕಳು ಕೇಳ್ಬೇಕಲ್ಲ.”

ಮರುಗಳಿಗೆಯೇ ನಾಲಿಗೆ ಕಚ್ಚಿಕೊಂಡರು. ಕಚ್ಚಿಕೊಂಡು ಬಂದ ಭಾಗ್ಯವೇನು? ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳುವ ಗುಂಡಿಗೆ ಅವರಿಗಿರಲಿಲ್ಲ.

ಪರೀಕ್ಷೆಯಲ್ಲಿ ಆ ಪುಟ ಬಂದೇ ಬಂತು. “ತಿದ್ದು ಅಂತ ನಿಮ್ಮ ಮೇಷ್ಟ್ರು ಹೇಳಿದ್ರಂತೆ. ಯಾಕಮ್ಮ ತಿದ್ಲಿಲ್ಲ?”

ಹುಡುಗಿ ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು ಗೋಡೆಯ ಮೇಲಿನ ಫ್ಯಾನಿನ ಸ್ವಿಚ್ಚು ನೋಡಿದರು.

“ಹೌದು ಸರ್, ಹೇಳಿದ್ರು,” ಎಂದಳು. “ನನ್ನದೇ ತಪ್ಪು.”

ಹದಿನೈದು ದಿನದ ಮಾತು ಅವಳಿಗೆ ಗೊತ್ತೇ ಇರಲಿಲ್ಲ. ಪರೀಕ್ಷಕರು ವರ್ಷದ ಗಡುವು ಬರೆದು ಎದ್ದರು. ಕಾಯಂ ಕೆಲಸ ಅಲ್ಲಿಗೆ ಕೈತಪ್ಪಿತು.

ಮೇಷ್ಟ್ರು ಕಾರಿಡಾರಿನಲ್ಲಿ ಅವಳನ್ನು ತಡೆದರು. “ಯಾಕಮ್ಮ ಹಾಗಂದೆ?”

“ಇನ್ನೊಂದು ವರ್ಷ ನಿಮ್ಮ ಕೈಕೆಳಗೇ ಇರ್ಬೇಕಲ್ವಾ ಸರ್?” ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದಳು.

ನಾಚಿಕೆಯಿಂದ ಕುಗ್ಗಿಹೋದ ಮೇಷ್ಟ್ರು ಕೋಣೆಗೆ ಬಂದು, ಪ್ರಬಂಧದ ಜೊತೆ ಅವಳು ಮರಳಿ ಒಪ್ಪಿಸಿದ್ದ ಕರಡನ್ನು ಬೀರುವಿನಿಂದ ತೆಗೆದು ಒಂದೊಂದೇ ಪುಟ ಮಗುಚಿದರು. ‘ಚೆನ್ನಾಗಿದೆ’ಗಳನ್ನು ಬಿಟ್ಟು ತಮ್ಮ ಕೆಂಪು ಶಾಯಿ ಎಲ್ಲಾದರೂ ಸಿಕ್ಕೀತೇ ಎಂಬ ಆಸೆ. ಒಂದೇ ಕಡೆ ಸಿಕ್ಕಿತು, ಕೃತಜ್ಞತೆಯ ಪುಟದಲ್ಲಿ. ‘ಪ್ರತಿ ಸಾಲನ್ನೂ ತಾಳ್ಮೆಯಿಂದ ಓದಿದ ಪ್ರಾಧ್ಯಾಪಕರಿಗೆ’ ಎಂದು ಹುಡುಗಿ ಬರೆದಿದ್ದಳು. ‘ಪ್ರಾಧ್ಯಾಪಕರಿಗೆ’ ಎಂಬುದರ ಮೊದಲು ಗುರುತು ಹಾಕಿ, ಮೇಷ್ಟ್ರು ದುಂಡಗೆ ‘ಹಿರಿಯ’ ಎಂದು ಸೇರಿಸಿದ್ದರು.