ಪೂರ್ವಕ್ಕೆ ವಂಕ

ಬಾಗಿದ ಚಂದ್ರನನ್ನೂ ಬಳುಕುವ ಗಂಗೆಯನ್ನೂ ಒಂದೇ ಜಡೆಯಲ್ಲಿ ಧರಿಸಿ, ನೇರವಾಗಿರೆಂದು ಎರಡನ್ನೂ ಒತ್ತಾಯಿಸದ ಪರಶಿವನಿಗೆ ನಮಸ್ಕಾರ. ಕುರುಗೋಡಿನಲ್ಲಿ ಕಲ್ಲಾಗಿ ಕುಳಿತು ಎಲ್ಲವನ್ನೂ ನೋಡುತ್ತಿರುವ ದೊಡ್ಡಬಸವನಿಗೆ ನಮಸ್ಕಾರ. ನನ್ನ ನುಡಿಯಲ್ಲಿ ದೋಷವಿದ್ದರೆ ಮನ್ನಿಸಲಿ. ನಡೆದುದನ್ನು ಮರೆಮಾಚಿದರೆ ಮನ್ನಿಸದಿರಲಿ.

ಕುರುಗೋಡಿನಲ್ಲಿ ಹುಟ್ಟಿ, ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನೆಲೆಸಿದ ಅರುಣಾ ಸಿವಿಲ್ ಎಂಜಿನಿಯರು. ಕಾಲುವೆಯ ಕಾಂಕ್ರೀಟು ಪರೀಕ್ಷಿಸುವ ಕೆಲಸದಿಂದ ಆರಂಭಿಸಿದವಳು, ಕಟ್ಟುವ ವಿದ್ಯೆಗಿಂತ ಕಟ್ಟಿದ್ದರಿಂದ ನೆಲಜಲಗಳಿಗೆ ಏನಾಗುವುದೆಂದು ಅರಿಯುವ ವಿದ್ಯೆ ದೊಡ್ಡದೆಂದು ಬಗೆದು ಪರಿಸರಶಾಸ್ತ್ರವನ್ನು ಓದಿದಳು. ಹದಿನೆಂಟು ವರ್ಷಗಳ ದುಡಿಮೆಯ ನಂತರ ಪರಿಸರ ಪರಿಣತೆಯೆಂಬ ಮಾನ್ಯತೆ ದೊರೆಯಿತು. ಕಾರ್ಖಾನೆ ಕಟ್ಟುವವರು ಸಲ್ಲಿಸುವ ವರದಿಗೆ ಅಂಥ ಮಾನ್ಯತೆಯುಳ್ಳವರ ರುಜು ಬೇಕೇಬೇಕು. ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ದೇವರ ಕೋಣೆಯ ಹೊರಗೋಡೆಗೆ ತೂಗುಹಾಕಿದಳು. ಅದರ ನವೀಕರಣಕ್ಕೆ ತಾನು ಮುಗಿಸಿದ ವರದಿಯನ್ನು ತೋರಿಸಬೇಕು. ನವೀಕರಣದ ಗಡುವು ಬಂದ ವರ್ಷ ಅವಳ ಕೈಯಲ್ಲಿದ್ದುದು ಒಂದೇ: ಸಿರುಗುಪ್ಪದ ಹೊರಗೆ ನುಚ್ಚಕ್ಕಿಯಿಂದ ಎಥೆನಾಲ್ ತೆಗೆಯಲು ಏಳಲಿದ್ದ ಕಾರ್ಖಾನೆಯದು.

ಆ ನೆಲದ ಹಳೆಯ ನಕ್ಷೆಯಲ್ಲಿ ‘ಪೂರ್ವಕ್ಕೆ ವಂಕ’ ಎಂದಿತ್ತು. ತೆಲುಗಿನ ನೆರೆಯಲ್ಲಿ ಬಾಳಿದ ಈ ಸೀಮೆಯವರು ಹಳ್ಳವನ್ನು ವಂಕವೆನ್ನುತ್ತಾರೆ. ವರ್ಷದ ಒಂಬತ್ತು ತಿಂಗಳು ಅದು ಒಣಗಿರುತ್ತದೆ. ಗಾಡಿ, ಟ್ರ್ಯಾಕ್ಟರುಗಳು ಅದರ ಮರಳಿನ ಮೇಲೆಯೇ ಓಡಾಡುತ್ತವೆ. ಹೊರಗಿನಿಂದ ಬಂದ ಸರ್ವೇಯರು ಗಾಲಿಯ ಜಾಡು ಕಂಡು, ನಿಘಂಟು ತೆರೆದು, ವಂಕವೆಂದರೆ ಡೊಂಕೆಂದು ಓದಿ, ವರದಿಯಲ್ಲಿ ‘ಪೂರ್ವಕ್ಕೆ ರಸ್ತೆಯ ತಿರುವು’ ಎಂದು ಬರೆದಿದ್ದ. ನಿಘಂಟು ಸುಳ್ಳಾಡಿರಲಿಲ್ಲ. ವಕ್ರವೆಂಬ ಶಬ್ದವೇ ಪ್ರಾಕೃತದಲ್ಲಿ ಸವೆದು ವಂಕವಾದುದು. ನೇರ ಹರಿಯದ ನೀರಿಗೆ ಗಡಿಯ ಜನ ಆ ಹೆಸರಿಟ್ಟರು. ಶಬ್ದದ ಮೂಲ ತಿಳಿದವನಿಗೆ ಅದರ ನೀರು ಕಾಣಲಿಲ್ಲ.

ಅರುಣಾಳಿಗೆ ಕಂಡಿತು. ಬಾಲ್ಯದಲ್ಲಿ ಇಂಥದೇ ವಂಕ ದಾಟಿ ಅವಳು ಶಾಲೆಗೆ ಹೋದವಳು. ವರದಿಯನ್ನು ಹಿಡಿದು, ಪಾರ್ವತಿನಗರದಲ್ಲಿ ಸಲಹಾ ಕಚೇರಿ ನಡೆಸುತ್ತಿದ್ದ ತನ್ನ ಧಣಿ ವಿರೂಪಾಕ್ಷಿಯ ಬಳಿಗೆ ಹೋದಳು.

“ಸರ್, ಇದು ದಾರಿ ಅಲ್ರಿ, ವಂಕ. ಮಳಿಗಾಲದಾಗ ಎದಿಮಟ ನೀರು ಹರಿತೈತಿ.”

ವಿರೂಪಾಕ್ಷಿ ನಕ್ಕ. “ಮೇಡಂ, ನೀರು ಅಂತ ಬರದ್ರ ಕಾಯ್ದೆ ಪ್ರಕಾರ ಗೋಡಿ ಹಿಂದ ಸರಿಸಬೇಕು. ಸರಿಸಿದ್ರ ಕಾರ್ಖಾನಿಗೆ ಜಾಗಾನೇ ಇಲ್ಲ. ಕಾರ್ಖಾನಿ ಇಲ್ಲಂದ್ರ ವರದಿ ಇಲ್ಲ. ಮತ್ತ ನವೀಕರಣಕ್ಕ ಏನು ತೋರಿಸ್ತೀರಿ? ಹಪ್ಪಳಾನಾ?”

“ಗೊತ್ತಿದ್ದೂ ರುಜು ಹ್ಯಾಂಗ ಹಾಕ್ಲಿರಿ?”

“ಡಿಕ್ಷನರಿ ನೋಡ್ರಿ. ವಂಕ ಅಂದ್ರ ಡೊಂಕು ಅಂತ ಐತೋ ಇಲ್ಲೋ? ನಾವೇನು ಸುಳ್ಳು ಬರದೀವೇನ್ರಿ?”

ಎರಡು ದಿನ ಅವಳು ಲೇಖನಿ ಮುಟ್ಟಲಿಲ್ಲ. ಮೂರನೆಯ ದಿನ ರುಜು ಹಾಕಿದಳು.

ಸಿರುಗುಪ್ಪದಲ್ಲಿ ಶಾಮಿಯಾನದಡಿ ಸಾರ್ವಜನಿಕ ಅಹವಾಲಿನ ಸಭೆ ನಡೆಯಿತು. ವಂಕದ ಆಚೆದಡದಲ್ಲಿ ಗದ್ದೆಯಿದ್ದ ಗಾದೆಮ್ಮ ಮೈಕಿನ ಮುಂದೆ ಬಂದಳು.

“ಸಾಹೇಬ್ರ, ನೀವು ಏನರ ಕಟ್ಟಿಕೊಳ್ರಿ. ವಂಕ ಮಾತ್ರ ಮುಚ್ಚಬ್ಯಾಡ್ರಿ.”

ಬೇರೆ ಜಿಲ್ಲೆಯವನಾದ ಅಧಿಕಾರಿ ವರದಿಯ ಪುಟ ತಿರುವಿ ಹೇಳಿದ: “ತಿರುವು ಹಾಗೇ ಇರುತ್ತದೆ, ತಾಯಿ. ರಸ್ತೆಯನ್ನು ಯಾರೂ ಮುಚ್ಚುವುದಿಲ್ಲ.”

“ರಸ್ತಿ ಯಾರು ಕೇಳಿದ್ರು?” ಎಂದು ಅವಳು ವೇದಿಕೆಯ ಮೇಲೆ ಕುಳಿತಿದ್ದ ಅರುಣಾಳತ್ತ ತಿರುಗಿದಳು. “ಏನವ್ವ, ನೀನು ಕುರುಗೋಡಿನಾಕಿ ಅಂತಲ್ಲ? ಈ ಸಾಹೇಬ್ರಿಗೆ ವಂಕ ಅಂದ್ರ ಏನಂತ ಹೇಳು.”

ಸಭೆ ಅರುಣಾಳನ್ನು ನೋಡಿತು. ಅವಳು ಎದ್ದು ನಿಂತಳು, ಮೈಕನ್ನು ಹತ್ತಿರಕ್ಕೆಳೆದಳು.

“ನಿಮ್ಮ ಮಾತು ಬರಕೊಂಡೀವ್ರಿ, ಅಮ್ಮ.”

ಅದು ಸುಳ್ಳಲ್ಲ. ನಡಾವಳಿಯಲ್ಲಿ ‘ತಿರುವನ್ನು ಮುಚ್ಚಬಾರದೆಂದು ಗ್ರಾಮಸ್ಥೆಯ ಕೋರಿಕೆ, ಒಪ್ಪಲಾಗಿದೆ’ ಎಂದು ಬರೆದುಕೊಂಡಿದ್ದರು.

ಮಾನ್ಯತೆ ನವೀಕರಣಗೊಂಡಿತು. ಕಾರ್ಖಾನೆಯ ಗೋಡೆ ವಂಕದ ಹೊಟ್ಟೆಯ ಮೇಲೆಯೇ ಎದ್ದಿತು. ಮರುವರ್ಷದ ಭಾದ್ರಪದದಲ್ಲಿ ಮಳೆ ಬಂದಾಗ ನೀರು ತನ್ನ ಹಾದಿ ಹುಡುಕಿಕೊಂಡು ಬಂದು, ಗೋಡೆಗೆ ಬಡಿದು, ಗಾದೆಮ್ಮನ ಗದ್ದೆಗೆ ತಿರುಗಿತು. ತೆನೆಗೆ ಬಂದಿದ್ದ ಭತ್ತದ ಮೇಲೆ ಮರಳೂ ಕಾರ್ಖಾನೆಯ ಬಾಯ್ಲರಿನ ಬೂದಿಯೂ ಮೊಣಕಾಲುದ್ದ ನಿಂತವು. ನೀರು ನುಗ್ಗಿದ ಕಾರಣವನ್ನು ಮಾನ್ಯತೆಯುಳ್ಳವರು ಬರೆದುಕೊಡಲೆಂದು ಸರ್ಕಾರ ಕೇಳಿತು. ವಿರೂಪಾಕ್ಷಿ ಮತ್ತೆ ಅರುಣಾಳನ್ನೇ ಕಳುಹಿಸಿದ. “ಅಕಾಲದ ಮಳಿ ಅಂತ ಬರೀರಿ. ಮಳಿಗೇನು ವಕೀಲ ಇರ್ತಾನೇನು?”

ಗದ್ದೆಯ ಬದುವಿನ ಮೇಲೆ ಗಾದೆಮ್ಮ ಕುಳಿತಿದ್ದಳು. “ಬಾರವ್ವ, ತಿರುವಿನ ಮೇಡಂ,” ಎಂದಳು. “ನಿನ್ನ ರಸ್ತಿ ನಮ್ಮ ಗದ್ದಿತನಕ ಬಂದೈತಿ, ನೋಡು.”

ಆ ಮಧ್ಯಾಹ್ನವೇ ಅರುಣಾ ವರದಿ ಬರೆದಳು. ‘ಪೂರ್ವಕ್ಕಿರುವುದು ವಂಕ. ವಂಕವೆಂದರೆ ಹಳ್ಳ. ಮೊದಲ ವರದಿಗೆ ರುಜು ಹಾಕುವಾಗಲೇ ಇದು ನನಗೆ ಗೊತ್ತಿತ್ತು.’ ಕೆಳಗೆ ತನ್ನ ಮಾನ್ಯತೆಯ ಸಂಖ್ಯೆಯನ್ನು ಕಾಣಿಸಿ ಸರ್ಕಾರಕ್ಕೆ ತಾನೇ ಕಳುಹಿಸಿದಳು.

ಮೂರು ತಿಂಗಳಲ್ಲಿ ಮಾನ್ಯತೆ ರದ್ದಾಯಿತು. ಅಂಥವಳ ಮಾತು ನಂಬಲರ್ಹವಲ್ಲವೆಂದು ವಿರೂಪಾಕ್ಷಿ ಮತ್ತೊಬ್ಬ ಪರಿಣತನಿಂದ ಅಕಾಲದ ಮಳೆಯ ವರದಿ ಬರೆಸಿದ, ಅದೇ ಅಂಗೀಕಾರವಾಯಿತು. ಸುಳ್ಳಿಗೆ ರುಜು ಹಾಕಿದಾಗ ಅವಳು ಪರಿಣತೆ; ನಿಜ ಬರೆದಾಗ ಅನರ್ಹೆ. ಗೋಡೆ ಇದ್ದಲ್ಲೇ ಇದೆ.

ತನ್ನ ವರದಿಯ ಪ್ರತಿಯನ್ನು ಹಿಡಿದು ಅರುಣಾ ಸಿರುಗುಪ್ಪಕ್ಕೆ ಹೋದಳು. ಓದು ಬಾರದ ಗಾದೆಮ್ಮ ಕಾಗದವನ್ನು ಬಿಸಿಲಿಗೆ ಹಿಡಿದು ಕೇಳಿದಳು: “ಇದರಾಗ ವಂಕ ಎಲ್ಲೈತಿ, ತೋರ್ಸು.”

ಅರುಣಾ ತೋರಿಸಿದಳು. ಗಾದೆಮ್ಮ ಆ ಪದದ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದಳು.

“ಎಷ್ಟು ಅಕ್ಷರ ಇದು?”

“ಎರಡು, ಅಮ್ಮ.”

“ಎರಡ ಅಕ್ಷರಾನ?” ಕಾಗದವನ್ನು ಮಡಿಸಿ ಅವಳ ಕೈಗೇ ಕೊಟ್ಟಳು. “ಅವತ್ತು ಮೈಕು ನಿನ್ನ ಬಾಯಿ ಮುಂದ ಇತ್ತಲ್ಲವ್ವ.”

ಈ ಕಥೆಯನ್ನು ಕೇಳಿದ ಎಲ್ಲರಿಗೂ ಪರಶಿವನು ಒಳಿತನ್ನು ಮಾಡಲಿ. ಅವರ ಊರಿನ ನೀರಿಗೆ ಹಾದಿ ಉಳಿಯಲಿ. ಅವರು ಬಲ್ಲ ಮಾತು ಹೊತ್ತು ಮೀರುವ ಮೊದಲೇ ಅವರ ನಾಲಿಗೆಗೆ ಬರಲಿ.