ಹವಳ ಸೆಟ್ಲ್ ಆಯಿತು

ಸತ್ತಿದೆ ಎಂದುಬಿಟ್ಟರೆ ಎರಡನೆಯ ದಿಬ್ಬ ಉಳಿಯುತ್ತದೆ. ಕತಾರಿನ ಅಲ್ ಖೋರ್‌ನಿಂದ ಹೊರಟ ಕಂಪೆನಿ ಬಸ್ಸಿನಲ್ಲಿ ಕಾಸ್ಮಿರ್ ಆ ಪದವನ್ನು ಬಾಯೊಳಗೇ ಆಡಿಸಿ ನೋಡಿದ. ಕಷ್ಟವೇನಿರಲಿಲ್ಲ.

ಅನಿಲದ ಪೈಪು ಹಾಯಲೆಂದು ಹೋದ ವರ್ಷ ಕಡಲತಳದ ಹವಳದ ದಿಬ್ಬವೊಂದನ್ನು ಕಿತ್ತು, ತುಂಡುಗಳನ್ನು ಬೇರೆಡೆ ನೆಟ್ಟಿದ್ದರು. ಜಾಗ ಆರಿಸಿದವನು ಕಂಪೆನಿಯ ಕಡಲಜೀವಿ ತಜ್ಞನಾದ ಕಾಸ್ಮಿರನೇ. ಬೇಸಿಗೆಯಲ್ಲಿ ಅವು ಬೆಳ್ಳಗಾದವು; ಬಣ್ಣ ಮತ್ತೆ ಮರಳಲಿಲ್ಲ, ಸತ್ತವು. ಈಗ ಇನ್ನೊಂದು ಪೈಪು. ಅದರ ದಾರಿಯಲ್ಲಿ ಇನ್ನೊಂದು ದಿಬ್ಬ, ಜೀವಂತ.

ಮೊದಲಿನದು ಬದುಕಿದ್ದರೆ ಮಾತ್ರ ಇದನ್ನು ಕೀಳಲು ಒಪ್ಪಿಗೆ; ಅದನ್ನು ವಿಚಾರಿಸಲು ಇವತ್ತು ಅನಿಲ ಕೊಳ್ಳುವ ದೇಶದವರು ಬಂದಿದ್ದರು. ಕ್ಯೋಟೋ ಹವಾಮಾನ ಒಪ್ಪಂದದಲ್ಲಿ ಕೊಟ್ಟ ಮಾತಿಗಾಗಿ ಕಲ್ಲಿದ್ದಲಿನ ಹೊಗೆ ತಗ್ಗಿಸಬೇಕಿತ್ತು ಅವರಿಗೆ. ಭೂಮಿಯನ್ನು ಉಳಿಸುವ ಅವಸರ.

"ಜಾಸ್ತಿ ಸೈನ್ಸ್ ಬೇಡ ಪೊರ್ಬುಗಳೇ," ಎಂದ ಮ್ಯಾನೇಜರ್ ಝಕರಿಯಾ, ಸಭೆಯ ಕೋಣೆಯ ಬಾಗಿಲಲ್ಲಿ. ಅವನೂ ಮಂಗಳೂರು ಕಡೆಯವನೇ; ಅಲ್ಲಿ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೇ ಕರೆಯುತ್ತಿದ್ದ. "ಶಿಫ್ಟ್ ಮಾಡಿದ್ದು ಹೌದಲ್ವಾ?"

"ಹೌದು. ಆದ್ರೆ..."

"ಖಲಾಸ್. ಅಷ್ಟೇ ಹೇಳಿ. ನಿಮ್ಮ ಕಾಂಟ್ರಾಕ್ಟ್ ರಿನ್ಯೂ ಈ ತಿಂಗಳಲ್ವಾ?"

"ಯಾಕೆ ಕೇಳಿದ್ದು?"

"ಸುಮ್ಮನೆ ಮಾರಾಯ್ರೆ."

ಸಭೆಯಲ್ಲಿ ಕನ್ನಡಕದ ಹೆಂಗಸೊಬ್ಬಳು ನೇರವಾಗಿ ಕೇಳಿದಳು: ಹವಳ ಬದುಕಿದೆಯೇ?

ಕಾಸ್ಮಿರ್ ಬಾಯಿ ತೆರೆದ. ಕತಾರಿಗೆ ಬಂದಂದಿನಿಂದ ಅಮ್ಮನಿಗೆ ಫೋನಿನಲ್ಲಿ ಹೇಳುತ್ತ ಬಂದ ಮಾತೇ ಇಂಗ್ಲಿಷಿನಲ್ಲಿ ಹೊರಬಿತ್ತು: ಸೆಟ್ಲ್ ಆಗುತ್ತಿದೆ.

ಅವಳು ಬರೆದುಕೊಂಡಳು. ಎರಡನೆಯ ಸಲ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದು ಅವನು ಊಟದ ಹೊತ್ತಿನವರೆಗೂ ಅಂದುಕೊಂಡ.

ಹೊರಡುವಾಗ ಅತಿಥಿಗಳಿಗೆ ನೆನಪಿನ ಕಾಣಿಕೆ: ಗಾಜಿನ ಪೆಟ್ಟಿಗೆಯಲ್ಲಿ ಒಂದೊಂದು ಹವಳದ ತುಂಡು. "ಎಷ್ಟು ಬೆಳ್ಳಗಿದೆ!" ಎಂದು ಆ ಹೆಂಗಸು ಮೆಚ್ಚಿದಳು. ಎಲ್ಲಿಯದೆಂದು ಯಾರೂ ಕೇಳಲಿಲ್ಲ. ಮಿಕ್ಕಿದ್ದೊಂದನ್ನು ಝಕರಿಯಾ ಕಾಸ್ಮಿರನ ಕೈಗಿಟ್ಟ. "ಮಗಳಿಗೆ ಕೊಡಿ."

ಮನೆಯಲ್ಲಿ ಮಗಳು ಮೈರಾ ಅದನ್ನು ಪೆಟ್ಟಿಗೆಯಿಂದ ತೆಗೆದು ತಿರುಗಿಸಿ ತಿರುಗಿಸಿ ನೋಡಿದಳು. "ಡ್ಯಾಡಿ, ಇದು ಸೀ ಒಳಗಿನದ್ದಾ? ಹಾಗಾದ್ರೆ ವಾಟರ್ ಬೇಕಲ್ಲಾ ಇದಕ್ಕೆ?"

ಅವನು ತಡೆಯುವ ಮೊದಲೇ ಗಾಜಿನ ಪಾತ್ರೆಗೆ ಕುಡಿಯುವ ನೀರು ಸುರಿದು ಮುಳುಗಿಸಿದಳು. ಅದೇ ಕಡಲಿನದು, ಉಪ್ಪು ತೆಗೆದ ನೀರು. ಸಣ್ಣ ಸಣ್ಣ ರಂಧ್ರಗಳಿಂದ ಗುಳ್ಳೆಗಳು ಸಾಲಾಗಿ ಮೇಲೆದ್ದವು.

"ಮಮ್ಮಿ, ಬೇಗ ಬಾ! ಉಸಿರಾಡ್ತಾ ಇದೆ!"

ಬರ್ನಡೆಟ್ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದಳು. "ಹೌದಾ?" ಎಂದು ಗಂಡನ ಮುಖ ನೋಡಿದಳು. "ಬದುಕಿದೆಯಾ?"

ಕಾಸ್ಮಿರ್ ಗುಳ್ಳೆಗಳನ್ನೇ ನೋಡುತ್ತಿದ್ದ. ಒಳಗೆ ಸಿಕ್ಕಿಕೊಂಡಿದ್ದ ಗಾಳಿ ಮುಗಿಯುತ್ತ ಬಂದು, ಸಾಲು ತೆಳ್ಳಗಾಗುತ್ತಿತ್ತು. ಅವನು ಬಾಯಿ ತೆರೆದ.

ಪಾತ್ರೆಗೆ ಕಿವಿಯಿಟ್ಟಿದ್ದ ಮೈರಾ, ಮಾತಾಡಬೇಡಿ ಎಂದು ತುಟಿಯ ಮೇಲೆ ಬೆರಳಿಟ್ಟಳು.